ದೊಡ್ಡಮ್ಮನ ಆ 280 ನಿಮಿಷ

ದೊಡ್ಡಮ್ಮನ ಕೈಯಿಂದ ನೀರಿನ ಲೋಟ ಜಾರಿ ಬಿದ್ದಾಗ ಮಧ್ಯಾಹ್ನ 1.30. ಅವರ ಸಿ.ಟಿ. ಸ್ಕ್ಯಾನ್ ಮುಗಿದಾಗ ಸಂಜೆ 6.10. ಅವರಿಗೆ ಆದದ್ದು ಸ್ಟ್ರೋಕ್. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಂದರೆ 6 ಗಂಟೆಯೊಳಗೆ. ನಾವು ಹತ್ತು ನಿಮಿಷ ತಡವಾಗಿದ್ದೆವು.

ಇದಾಗಿ ಮೂರು ವರ್ಷವಾಯಿತು. ಅವರನ್ನು ಮನೆಗೆ ಕರೆತಂದ ವಾರ ನಾನೊಂದು ರಾತ್ರಿ ಕೂತು, ಎಲ್ಲರ ಫೋನಿನ ಕಾಲ್ ಪಟ್ಟಿ ನೋಡಿ, ಆಸ್ಪತ್ರೆಯ ಕಾಗದಗಳನ್ನು ನೋಡಿ, ಆ ದಿನ ಹೊತ್ತು ಎಲ್ಲೆಲ್ಲಿ ಹೋಯಿತು ಅಂತ ಬರೆದಿಟ್ಟೆ. ಯಾರನ್ನೋ ಬೈಯಬೇಕು ಅಂತ ಅಲ್ಲ. ನನಗೆ ತಿಳಿಯಬೇಕಿತ್ತು, ಅಷ್ಟೇ. ಒಟ್ಟು 280 ನಿಮಿಷ. ಅದರಲ್ಲಿ ರಸ್ತೆಯ ಮೇಲೆ ಕಳೆದದ್ದು 60 ನಿಮಿಷ ಮಾತ್ರ. ಮನೆಯಲ್ಲೇ 120. ಮೊದಲು ಹೋದ ಆಸ್ಪತ್ರೆಯಲ್ಲಿ 70. ಎರಡನೇ ಆಸ್ಪತ್ರೆಯ ಬಾಗಿಲಿನಿಂದ ಸ್ಕ್ಯಾನ್ ಮುಗಿಯುವ ತನಕ 30.

ಆಸ್ಪತ್ರೆ ದೂರ ಇತ್ತು, ದಾರಿಯಲ್ಲಿ ಗಾಡಿ ಜಾಸ್ತಿ ಇತ್ತು, ಅದಕ್ಕೇ ತಡವಾಯಿತು ಅಂತ ನಾವು ಬಂದ ನೆಂಟರಿಗೆಲ್ಲ ಹೇಳುತ್ತಿದ್ದೆವು. ಲೆಕ್ಕ ಹಾಕಿ ನೋಡಿದರೆ ಹಾಗಿರಲಿಲ್ಲ. ಹೊತ್ತು ಹೋದದ್ದು ಯೋಚನೆ ಮಾಡುವುದರಲ್ಲಿ, ಕಾಯುವುದರಲ್ಲಿ, ಒಬ್ಬರನ್ನೊಬ್ಬರು ಕೇಳುವುದರಲ್ಲಿ. ಮೊದಲೇ ಮಾಡಿಟ್ಟಿರಬೇಕಾದ ತೀರ್ಮಾನಗಳನ್ನು ನಾವು ಆ ಹೊತ್ತಲ್ಲಿ ಮಾಡುತ್ತಾ ಕೂತಿದ್ದೆವು. ಈ ಪೋಸ್ಟ್ ಬರೆಯುತ್ತಿರುವುದು ಅದನ್ನು ಹೇಳಲಿಕ್ಕೆ.

ಲೋಟ ಬಿದ್ದಾಗ ದೊಡ್ಡಪ್ಪ ಪಕ್ಕದಲ್ಲೇ ಇದ್ದರು. "ಕೈ ಜೋಮು ಹಿಡಿದಿರಬೇಕು, ಸ್ವಲ್ಪ ಮಲಗು" ಅಂದರು. ದೊಡ್ಡಮ್ಮ ಏನೋ ಹೇಳಿದರಂತೆ, ಅದು ಸರಿಯಾಗಿ ಕೇಳಿಸಲಿಲ್ಲವಂತೆ. ನಿದ್ದೆಗಣ್ಣು ಅಂದುಕೊಂಡರು. ಒಂದೂವರೆ ಗಂಟೆ ಮಲಗಿಸಿದರು. ನನ್ನ ತಮ್ಮ, ಅಂದರೆ ಅವರ ಮಗ, 3 ಗಂಟೆಗೆ ಮನೆಗೆ ಬಂದು ನೋಡಿದಾಗ ಬಾಯಿ ಒಂದು ಕಡೆ ಇಳಿದಿತ್ತು. ಆಮೇಲಾದರೂ ತಕ್ಷಣ ಹೊರಟರೇ? ಇಲ್ಲ. ಇನ್ನೊಂದು ಅರ್ಧ ಗಂಟೆ ಫೋನು. ನನಗೊಂದು, ಚಿಕ್ಕಪ್ಪನಿಗೊಂದು, ಪರಿಚಯದ ಡಾಕ್ಟರಿಗೊಂದು. ನಾನೂ ಫೋನಿನಲ್ಲಿ ಏನು ಹೇಳಿದೆ ಗೊತ್ತಾ? "ಬಿ.ಪಿ. ನೋಡಿದಿರಾ?" ಅಂತ. ಬಿ.ಪಿ. ಎಷ್ಟಿದ್ದರೂ ಆಗ ಮಾಡಬೇಕಿದ್ದದ್ದು ಒಂದೇ ಕೆಲಸವಾಗಿತ್ತು.

ನೋವಾಗದ ಕಾಯಿಲೆ ಅನ್ನುವುದೇ ಸ್ಟ್ರೋಕಿನ ದೊಡ್ಡ ಮೋಸ. ಎದೆನೋವು ಬಂದರೆ ಮನುಷ್ಯ ಎದೆ ಹಿಡಿದುಕೊಂಡು ಕೂಗುತ್ತಾನೆ, ಮನೆಯವರು ಓಡಿ ಬರುತ್ತಾರೆ. ಸ್ಟ್ರೋಕ್ ಹೆಚ್ಚಿನ ಸಲ ಸದ್ದಿಲ್ಲದೆ ಬರುತ್ತದೆ. ಕೈ ಸುಮ್ಮನೆ ಕೆಲಸ ನಿಲ್ಲಿಸುತ್ತದೆ. ಮಾತು ಸುಮ್ಮನೆ ತಪ್ಪುತ್ತದೆ. ಅದರ ಮೇಲೆ ಇನ್ನೊಂದು ವಿಷಯ ಇದೆ. ಮಾತಿನ ಜಾಗಕ್ಕೆ ಪೆಟ್ಟಾದವರು ಸಹಾಯ ಕೇಳಲಾರರು. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ತಮ್ಮ ಎಡಗೈ ಆಡುತ್ತಿಲ್ಲ ಅನ್ನುವುದೇ ತಿಳಿಯುವುದಿಲ್ಲ. "ನನಗೇನೂ ಆಗಿಲ್ಲ, ಬಿಡಿ" ಅಂತ ಗಟ್ಟಿಯಾಗಿ ಹೇಳುತ್ತಾರೆ. ಅದು ಹಟವಲ್ಲ, ಅದೂ ಕಾಯಿಲೆಯ ಲಕ್ಷಣವೇ. ಆದ್ದರಿಂದ ಸ್ಟ್ರೋಕನ್ನು ಗುರುತಿಸುವ ಹೊಣೆ ಪಕ್ಕದಲ್ಲಿ ಇರುವವರದ್ದು. ರೋಗಿಯ ಒಪ್ಪಿಗೆಗೆ ಕಾಯಬೇಡಿ.

ಪಾರ್ಶ್ವವಾಯು ಅನ್ನುವ ಹಳೆಯ ಹೆಸರೂ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಿದೆ ಅಂತ ನನಗೆ ಅನಿಸುತ್ತದೆ. ಪಕ್ಕಕ್ಕೆ ವಾಯು ಬಡಿಯಿತು, ಕೈಕಾಲಿಗೆ ಲಕ್ವ ಹೊಡೆಯಿತು ಅಂದಾಗ ಕಣ್ಣು ಹೋಗುವುದು ಕೈಕಾಲಿನ ಮೇಲೆ. ಉಜ್ಜುತ್ತೇವೆ, ಎಣ್ಣೆ ಹಚ್ಚುತ್ತೇವೆ. ಕೆಟ್ಟಿರುವುದು ಕೈಯಲ್ಲ, ಮೆದುಳು. ಮೆದುಳಿಗೆ ಹೋಗುವ ಒಂದು ರಕ್ತನಾಳ ಮುಚ್ಚಿಕೊಂಡಿರುತ್ತದೆ, ಅಥವಾ ಒಡೆದು ರಕ್ತ ಸುರಿಯುತ್ತಿರುತ್ತದೆ. ಮುಚ್ಚಿಕೊಳ್ಳುವುದೇ ಹೆಚ್ಚು ಸಾಮಾನ್ಯ. ಒಡೆಯುವುದು ಅದಕ್ಕಿಂತ ಕಡಿಮೆ, ಆದರೆ ಜೀವಕ್ಕೆ ಅಪಾಯ ಜಾಸ್ತಿ.

ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2. ನಾವು ಬಳಸುವ ಆಮ್ಲಜನಕದಲ್ಲಿ ಅದರ ಪಾಲು ಸುಮಾರು ಶೇ. 20. ಅದು ಕೂಡಿಟ್ಟುಕೊಳ್ಳುವುದೂ ಇಲ್ಲ. ರಕ್ತ ನಿಂತರೆ ನಡುವಿನ ಜಾಗ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಆದರೆ ಅದರ ಸುತ್ತಲಿನ ಜಾಗ ತಕ್ಷಣ ಸಾಯುವುದಿಲ್ಲ. ಅಕ್ಕಪಕ್ಕದ ಸಣ್ಣ ನಾಳಗಳಿಂದ ಒಂದಿಷ್ಟು ರಕ್ತ ಸಿಗುತ್ತಾ, ಕೆಲಸ ನಿಲ್ಲಿಸಿ, ಜೀವ ಮಾತ್ರ ಹಿಡಿದುಕೊಂಡಿರುತ್ತದೆ. ಉಳಿಸಬಹುದಾದದ್ದು ಆ ಜಾಗ. ಗಂಟೆ ಕಳೆದಂತೆ ಅದೂ ಕರಗುತ್ತಾ ಹೋಗುತ್ತದೆ. ಜೆಫ್ರಿ ಸೇವರ್ ಅನ್ನುವ ನರರೋಗ ತಜ್ಞರು 2006ರಲ್ಲಿ ಇದರ ಲೆಕ್ಕ ಹಾಕಿದರು. ದೊಡ್ಡ ನಾಳ ಮುಚ್ಚಿದ ಸ್ಟ್ರೋಕಿನಲ್ಲಿ, ಚಿಕಿತ್ಸೆ ಇಲ್ಲದಿದ್ದರೆ, ಸರಾಸರಿ ಒಂದು ನಿಮಿಷಕ್ಕೆ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಅಂತ. ಈ ಅಂಕಿ ಓದಿದ ದಿನ ನಾನು ಆ 120 ನಿಮಿಷದ ಜೊತೆ ಗುಣಿಸಲು ಹೋಗಿ, ನಡುವೆ ಕೈಬಿಟ್ಟೆ.

ಈಗ ಗುರುತಿಸುವುದು ಹೇಗೆ ಅನ್ನುವುದಕ್ಕೆ ಬರುತ್ತೇನೆ. ಫಾಸ್ಟ್ ಅನ್ನುವ ಸೂತ್ರ 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಆಂಬುಲೆನ್ಸ್ ಸಿಬ್ಬಂದಿಗಾಗಿ ಬಂದದ್ದು. ಫೇಸ್, ಆರ್ಮ್, ಸ್ಪೀಚ್, ಟೈಮ್ ಅನ್ನುವ ಇಂಗ್ಲಿಷ್ ಪದಗಳ ಮೊದಲಕ್ಷರಗಳು, ಅಂದರೆ ಮುಖ, ತೋಳು, ಮಾತು, ಹೊತ್ತು. ಇಷ್ಟೇ. ಆದರೆ "ಮುಖ ನೋಡಿ" ಅಂದರೆ ಸಾಲದು, ಹೇಗೆ ನೋಡಬೇಕು ಅಂತ ಗೊತ್ತಿರಬೇಕು. ಸುಮ್ನೆ ಕೂತಿರುವ ಮುಖ ನೋಡಿದರೆ ತಿಳಿಯದೇ ಹೋಗಬಹುದು. ಹಲ್ಲು ಕಾಣುವ ಹಾಗೆ ನಗಲು ಹೇಳಿ. ಒಂದು ಬದಿಯ ತುಟಿ ಮೇಲೆ ಏಳದಿದ್ದರೆ ಆಗ ಕಾಣುತ್ತದೆ. ತೋಳು ನೋಡುವಾಗ ಬರೀ ಕೈ ಎತ್ತಿಸಿದರೆ ಆಗಲಿಲ್ಲ. ಎರಡೂ ಕೈ ಮುಂದಕ್ಕೆ ಚಾಚಿಸಿ, ಅಂಗೈ ಮೇಲ್ಮುಖ ಮಾಡಿ, ಕಣ್ಣು ಮುಚ್ಚಿ, ಹತ್ತು ಎಣಿಸುವ ತನಕ ಹಾಗೇ ಇಡಲು ಹೇಳಿ. ಒಂದು ಕೈ ಮೆಲ್ಲಗೆ ಕೆಳಗಿಳಿದರೆ, ಅಥವಾ ಒಳಕ್ಕೆ ತಿರುಗಿಕೊಂಡರೆ, ಆ ಕಡೆ ಬಲ ಕಡಿಮೆಯಾಗಿದೆ ಅಂತ ಅರ್ಥ.

ಮಾತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಮನೆಯಲ್ಲಿ ತಪ್ಪಿದ್ದು ಅಲ್ಲೇ. ತೊದಲುವುದು ಒಂದು ಬಗೆ. ನಾಲಿಗೆ ದಪ್ಪವಾದಂತೆ, ಮತ್ತಿನಲ್ಲಿರುವವರ ಹಾಗೆ. ಇದನ್ನು ಎಲ್ಲರೂ ಗಮನಿಸುತ್ತಾರೆ. ಇನ್ನೊಂದು ಬಗೆಯಲ್ಲಿ ಉಚ್ಚಾರ ಸ್ಪಷ್ಟವಾಗಿಯೇ ಇರುತ್ತದೆ, ಆದರೆ ಪದ ತಪ್ಪು. ಚಮಚ ಕೇಳಲು ಹೋಗಿ ಬಾಚಣಿಗೆ ಕೇಳುತ್ತಾರೆ. ಅಥವಾ ನೀವು ಹೇಳಿದ್ದು ಅವರಿಗೆ ಅರ್ಥವೇ ಆಗುವುದಿಲ್ಲ. ಕೇಳಿಸುತ್ತದೆ, ತಿಳಿಯುವುದಿಲ್ಲ. ಇದನ್ನು ಜನ ಗೊಂದಲ ಅಂತಲೋ, ವಯಸ್ಸಾಯಿತು ಅಂತಲೋ, ನಿದ್ದೆಗಣ್ಣು ಅಂತಲೋ ಬಿಟ್ಟುಬಿಡುತ್ತಾರೆ. ಒಂದು ಸಣ್ಣ ವಾಕ್ಯ ಹೇಳಿ, "ಇದನ್ನು ಹಾಗೇ ತಿರುಗಿ ಹೇಳಿ" ಅನ್ನಿ. ಆಮೇಲೆ "ಕಣ್ಣು ಮುಚ್ಚಿ" ಅನ್ನಿ, ಆದರೆ ನೀವು ಮಾಡಿ ತೋರಿಸಬೇಡಿ. ಎರಡೂ ಆದರೆ ಸರಿ. ಒಂದು ತಪ್ಪಿದರೂ ಹೊರಡಿ.

ಮುಖ, ತೋಳು, ಮಾತು ಮೂರೂ ಚೆನ್ನಾಗಿದ್ದೂ ಸ್ಟ್ರೋಕ್ ಆಗಬಹುದು. ಹೆಚ್ಚಾಗಿ ಮೆದುಳಿನ ಹಿಂಭಾಗಕ್ಕೆ ಹೋಗುವ ನಾಳಗಳು ಮುಚ್ಚಿದಾಗ ಹೀಗಾಗುತ್ತದೆ. ಇದ್ದಕ್ಕಿದ್ದಂತೆ ತಲೆ ಸುತ್ತು, ವಾಂತಿ, ನೆಟ್ಟಗೆ ಕೂರಲಾಗದು, ನಿಂತರೆ ಒಂದು ಕಡೆಗೆ ವಾಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಒಂದು ಕಣ್ಣಿನ ದೃಷ್ಟಿಯೋ ನೋಟದ ಅರ್ಧಭಾಗವೋ ಹೋಗುವುದು. ಪಿತ್ತ, ಗ್ಯಾಸ್ಟ್ರಿಕ್, ಕಿವಿಯ ತೊಂದರೆ ಅಂತ ಹೇಳಿ ಮನೆಗೆ ಕಳಿಸಿಬಿಡುವುದು ಜಾಸ್ತಿ ಆಗುವುದು ಇಂಥವರನ್ನೇ. ಅದಕ್ಕೇ ಈಗ ಫಾಸ್ಟ್ ಮುಂದೆ ಸಮತೋಲ (ಬ್ಯಾಲೆನ್ಸ್) ಮತ್ತು ಕಣ್ಣು (ಐಸ್) ಸೇರಿಸಿ ಬಿ-ಫಾಸ್ಟ್ ಅನ್ನುತ್ತಾರೆ. ಜೀವಮಾನದಲ್ಲೇ ಕಂಡಿರದಂಥ ತಲೆನೋವು ಒಂದೇ ಕ್ಷಣಕ್ಕೆ ಬಡಿದ ಹಾಗೆ ಬಂದರೆ ಅದನ್ನೂ ಈ ಲೆಕ್ಕಕ್ಕೇ ಸೇರಿಸಿ, ರಕ್ತಸ್ರಾವ ಇರಬಹುದು.

ಎಲ್ಲ ಮರೆತರೂ ಒಂದು ಪದ ನೆನಪಿರಲಿ: ದಿಢೀರ್. ನಿನ್ನೆ ಇದ್ದದ್ದು, ಈಗ ಐದು ನಿಮಿಷದ ಹಿಂದೆ ಇದ್ದದ್ದು, ಇದ್ದಕ್ಕಿದ್ದಂತೆ ಇಲ್ಲವಾದರೆ ಅದು ಸ್ಟ್ರೋಕ್ ಅಂತಲೇ ನಡೆದುಕೊಳ್ಳಿ. ತಪ್ಪಾದರೆ ಏನಾಗುತ್ತದೆ? ಡಾಕ್ಟರು ನೋಡಿ, ಇದು ಅದಲ್ಲ ಅಂತ ಕಳಿಸುತ್ತಾರೆ. ಶುಗರ್ ತೀರಾ ಇಳಿದಾಗ, ಫಿಟ್ಸ್ ಬಂದು ಹೋದಾಗ, ಕೆಲವು ಬಗೆಯ ಮೈಗ್ರೇನಿನಲ್ಲಿ ಹೀಗೇ ಕಾಣುತ್ತದೆ. ಅದನ್ನು ಬೇರ್ಪಡಿಸುವುದು ಅವರ ಕೆಲಸ, ನಮ್ಮದಲ್ಲ.

ನಿಮ್ಮ ಕೆಲಸದಲ್ಲಿ ಮೊದಲನೆಯದು ಗಡಿಯಾರ ನೋಡುವುದು. ಅದರಲ್ಲೂ ಒಂದು ಸೂಕ್ಷ್ಮ ಇದೆ. ಡಾಕ್ಟರಿಗೆ ಬೇಕಿರುವುದು ನೀವು ಕಂಡ ಹೊತ್ತಲ್ಲ, ಅವರು ಚೆನ್ನಾಗಿದ್ದದ್ದನ್ನು ಯಾರಾದರೂ ಕೊನೆಯದಾಗಿ ನೋಡಿದ ಹೊತ್ತು. ಬೆಳಿಗ್ಗೆ 6ಕ್ಕೆ ಎದ್ದಾಗ ಕೈ ಬಿದ್ದುಹೋಗಿತ್ತು, ರಾತ್ರಿ 10ಕ್ಕೆ ಮಲಗುವಾಗ ಸರಿಯಿದ್ದರು ಅಂದರೆ, ಲೆಕ್ಕ 10 ಗಂಟೆಯಿಂದ. ಆದರೆ 4ಕ್ಕೆ ಎದ್ದು ಬಚ್ಚಲಿಗೆ ಹೋಗಿ ಬಂದಾಗ ಸರಿಯಾಗಿ ಮಾತಾಡಿದ್ದರು ಅಂತ ಯಾರಿಗಾದರೂ ನೆನಪಾದರೆ ಲೆಕ್ಕ 4ರಿಂದ. ಆ ಒಂದು ನೆನಪು ಒಬ್ಬರಿಗೆ ಔಷಧಿ ಸಿಗುವ ಹಾಗೆ ಮಾಡಬಹುದು. ಹೊತ್ತು ಗೊತ್ತೇ ಆಗದಿದ್ದರೂ ಕೈಚೆಲ್ಲಬೇಡಿ. ಎಂ.ಆರ್.ಐ.ನಲ್ಲಿ ಪೆಟ್ಟು ಹೊಸದೇ ಹಳೆಯದೇ ಅಂತ ತಿಳಿದು ಚಿಕಿತ್ಸೆ ಕೊಡಬಹುದು ಅಂತ 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಎರಡನೆಯದು ಆಂಬುಲೆನ್ಸ್. ಫೋನಿನಲ್ಲಿ "ಹುಷಾರಿಲ್ಲ" ಅನ್ನಬೇಡಿ. "ಸ್ಟ್ರೋಕ್ ಇರಬಹುದು, ಇಷ್ಟು ಗಂಟೆಗೆ ಶುರುವಾಗಿದೆ" ಅನ್ನಿ. ಆ ಪದ ಕೇಳಿದ ಮೇಲೆ ಅವರು ನಡೆದುಕೊಳ್ಳುವ ರೀತಿಯೇ ಬೇರೆ. ಆಂಬುಲೆನ್ಸ್ ಬರುವ ತನಕ ಮಲಗಿಸಿ, ಪ್ರಜ್ಞೆ ಇಲ್ಲದಿದ್ದರೆ ಅಥವಾ ವಾಂತಿ ಆಗುತ್ತಿದ್ದರೆ ಪಕ್ಕಕ್ಕೆ ತಿರುಗಿಸಿ, ಬಿಗಿ ಬಟ್ಟೆ ಸಡಿಲಿಸಿ. ಒಬ್ಬರು ಅವರ ಹತ್ತಿರವೇ ಇರಿ.

ಮಾಡಬಾರದ್ದರ ಪಟ್ಟಿ ನಮ್ಮ ಮನೆಯಲ್ಲಿ ಅಂದು ಮಾಡಿದ್ದರ ಪಟ್ಟಿಯೇ ಆಗಿದೆ. ನೀರು ಕುಡಿಸಿದರು. ನುಂಗುವ ಸ್ನಾಯುಗಳಿಗೂ ಪೆಟ್ಟಾಗಿದ್ದರೆ ಆ ನೀರು ಹೋಗುವುದು ಶ್ವಾಸಕೋಶಕ್ಕೆ, ಆಮೇಲೆ ನ್ಯುಮೋನಿಯಾ. ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಮಾಡುವ ತನಕ ಬಾಯಿಗೆ ಏನೂ ಹಾಕಬಾರದು, ಮಾತ್ರೆಯೂ ಬೇಡ. ಹೃದಯಾಘಾತದಲ್ಲಿ ಕೊಡುತ್ತಾರಲ್ಲ ಅಂತ ಆಸ್ಪಿರಿನ್ ಕೊಡುವವರಿದ್ದಾರೆ. ನಾಳ ಒಡೆದು ಆದ ಸ್ಟ್ರೋಕ್ ಆಗಿದ್ದರೆ ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಹುದು. ಮುಚ್ಚಿದ್ದೋ ಒಡೆದದ್ದೋ ಅಂತ ಹೊರಗಿನಿಂದ ನೋಡಿ ಯಾರಿಗೂ ಹೇಳಲಾಗದು, ಎಷ್ಟು ಅನುಭವ ಇದ್ದರೂ. ಸ್ಕ್ಯಾನ್ ಮಾತ್ರ ಹೇಳುತ್ತದೆ. ಬಿ.ಪಿ. ಜಾಸ್ತಿ ಕಂಡಿತು ಅಂತ ಮನೆಯಲ್ಲೇ ಇಳಿಸಲು ಹೋಗುವುದೂ ತಪ್ಪು. ಮುಚ್ಚಿದ ನಾಳದ ಆಚೆಗೆ ಒಂದಿಷ್ಟು ರಕ್ತ ತಲುಪಿಸಲು ದೇಹವೇ ಒತ್ತಡ ಏರಿಸಿಕೊಂಡಿರುತ್ತದೆ. ಥಟ್ಟನೆ ಇಳಿಸಿದರೆ, ಜೀವ ಹಿಡಿದುಕೊಂಡಿದ್ದ ಆ ಸುತ್ತಲಿನ ಜಾಗಕ್ಕೂ ರಕ್ತ ನಿಲ್ಲುತ್ತದೆ. ಇನ್ನು ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಬರಿಸಿ ಅನ್ನುವ ಮೆಸೇಜ್ ಬಂದರೆ ದಯವಿಟ್ಟು ಅಳಿಸಿ, ಮುಂದಕ್ಕೆ ಕಳಿಸಬೇಡಿ. ಅದರಿಂದ ಆಗುವುದು ಒಂದೇ, ಹೊತ್ತು ಹಾಳು.

ಇನ್ನು ಯಾವ ಆಸ್ಪತ್ರೆ ಅನ್ನುವ ಪ್ರಶ್ನೆ. ನಮ್ಮ 70 ನಿಮಿಷ ಹೋದದ್ದು ಇದರಲ್ಲಿ. ಹತ್ತಿರ ಇದೆ ಅಂತ ಹೋದೆವು. ಅಲ್ಲಿ ಸಿ.ಟಿ. ಇರಲಿಲ್ಲ. ಅಲ್ಲಿದ್ದವರು ಪ್ರೀತಿಯಿಂದಲೇ ನೋಡಿಕೊಂಡರು, ಡ್ರಿಪ್ ಹಾಕಿದರು, ರಕ್ತ ತೆಗೆದರು, ದೊಡ್ಡ ಡಾಕ್ಟರು ಬರಲಿ ಅಂತ ಕಾಯಿಸಿದರು, ಆಮೇಲೆ ಬೇರೆ ಕಡೆಗೆ ಹೋಗಿ ಅಂದರು. ನಾವೂ ಏನೂ ಕೇಳಲಿಲ್ಲ. ಕೇಳಬೇಕಿದ್ದದ್ದು ಬಾಗಿಲಲ್ಲೇ, ಮೂರು ಮಾತು: ಸಿ.ಟಿ. ಈಗ ನಡೆಯುತ್ತಿದೆಯಾ, ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲಿ ಕೊಡುತ್ತೀರಾ, ಅದನ್ನು ತೀರ್ಮಾನಿಸುವ ಡಾಕ್ಟರು ಇಲ್ಲೋ ಫೋನಿನಲ್ಲೋ ಸಿಗುತ್ತಾರಾ. ಮೂರರಲ್ಲಿ ಒಂದಕ್ಕೆ "ಇಲ್ಲ" ಬಂದರೂ, ಉಸಿರಾಟ ಸರಿಯಿದ್ದರೆ, ಅವರಿಂದಲೇ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿ ಹೊರಡಬೇಕು. ಇನ್ನೂ ಒಳ್ಳೆಯದು, ಇದನ್ನು ಇವತ್ತೇ ಕೇಳಿಟ್ಟುಕೊಳ್ಳುವುದು. ಎಲ್ಲರೂ ಚೆನ್ನಾಗಿರುವಾಗ. ಹಗಲು ಇರುವ ಸೌಲಭ್ಯ ರಾತ್ರಿ ಇರುತ್ತದಾ, ಭಾನುವಾರ ಇರುತ್ತದಾ ಅಂತಲೂ ಕೇಳಿ.

ಹೆಪ್ಪು ಕರಗಿಸುವ ಆ ಔಷಧಿಯ, ಅಂದರೆ ಆಲ್ಟೆಪ್ಲೇಸಿನ, ಕಥೆಯನ್ನೂ ಹೇಳಬೇಕು. 1995ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗ, ಆಲ್ಟೆಪ್ಲೇಸ್ ಅನ್ನು ಮೂರು ಗಂಟೆಯೊಳಗೆ ಕೊಟ್ಟರೆ ಮೂರು ತಿಂಗಳ ನಂತರ ಹೆಚ್ಚೇನೂ ಕುಂದಿಲ್ಲದೆ ಇರುವ ಸಾಧ್ಯತೆ ಕನಿಷ್ಠ ಶೇ. 30ರಷ್ಟು ಜಾಸ್ತಿ ಅಂತ ತೋರಿಸಿತು. 2008ರಲ್ಲಿ ಯುರೋಪಿನ ಇನ್ನೊಂದು ಪ್ರಯೋಗ ಆ ಗಡುವನ್ನು ನಾಲ್ಕೂವರೆ ಗಂಟೆಗೆ ಎಳೆಯಿತು. ಇದು ಅಪಾಯವಿಲ್ಲದ ಔಷಧಿ ಅಲ್ಲ. ಮೊದಲ ಪ್ರಯೋಗದಲ್ಲಿ ಔಷಧಿ ಪಡೆದವರಲ್ಲಿ ಶೇ. 6.4 ಜನರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಕೆಟ್ಟಿತು, ಪಡೆಯದವರಲ್ಲಿ ಅದು ಶೇ. 0.6. ಹಾಗಿದ್ದೂ ಒಟ್ಟು ಲೆಕ್ಕದಲ್ಲಿ ಲಾಭವೇ ಹೆಚ್ಚು. ಈ ಎರಡು ಅಂಕಿಯನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಡಾಕ್ಟರು ಬಂದು "ಹೀಗೊಂದು ಇಂಜೆಕ್ಷನ್ ಇದೆ, ರಕ್ತಸ್ರಾವದ ಅಪಾಯ ಇದೆ, ಕೊಡಲಾ?" ಅಂತ ಕೇಳಿದಾಗ ಮನೆಯವರು ಮೊದಲ ಸಲ ಕೇಳುತ್ತಿರುತ್ತಾರೆ, ಬೆದರುತ್ತಾರೆ, ಅಣ್ಣ ಬರಲಿ ಅಂತಾರೆ. ಅಣ್ಣ ಬರುವಷ್ಟರಲ್ಲಿ ಹೊತ್ತು ಮೀರುತ್ತದೆ. ತೀರ್ಮಾನ ಹೇಳಬಲ್ಲ ಒಬ್ಬರು ರೋಗಿಯ ಜೊತೆಯಲ್ಲೇ ಹೋಗಬೇಕು. ಅದು ಯಾರು ಅಂತ ಮೊದಲೇ ಮಾತಾಡಿಕೊಂಡಿರಬೇಕು.

2015ರಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ಆ ಒಂದೇ ವರ್ಷ ಬಂದ ಐದು ಪ್ರಯೋಗಗಳು ದೊಡ್ಡ ನಾಳದಲ್ಲಿ ಸಿಕ್ಕ ಹೆಪ್ಪನ್ನು ಕ್ಯಾತಿಟರ್ ಹಾಕಿ ಎಳೆದು ತೆಗೆದರೆ ಫಲ ಎಷ್ಟು ಚೆನ್ನಾಗಿರುತ್ತದೆ ಅಂತ ತೋರಿಸಿದವು. ತೊಡೆಸಂದಿಯ ಅಥವಾ ಮಣಿಕಟ್ಟಿನ ನಾಳದಿಂದ ಮೆದುಳಿನ ತನಕ ಒಂದು ತೆಳು ನಳಿಕೆ ಹೋಗುತ್ತದೆ. 2018ರ ಹೊತ್ತಿಗೆ, ಸ್ಕ್ಯಾನಿನಲ್ಲಿ ಉಳಿಸಬಹುದಾದ ಜಾಗ ಕಂಡರೆ, ಆಯ್ದ ಕೆಲವರಿಗೆ 24 ಗಂಟೆಯ ತನಕವೂ ಇದನ್ನು ಮಾಡಬಹುದು ಅಂತ ಗೊತ್ತಾಯಿತು. ಆದ್ದರಿಂದ ನಾಲ್ಕೂವರೆ ಗಂಟೆ ದಾಟಿತು, ಇನ್ನು ಹೋಗಿ ಏನು ಪ್ರಯೋಜನ ಅಂತ ಮನೆಯಲ್ಲಿ ಕೂರಬೇಡಿ. ದೊಡ್ಡಮ್ಮನ ಹೆಪ್ಪು ಸಣ್ಣ ಕವಲಿನಲ್ಲಿತ್ತು, ಅಲ್ಲಿಗೆ ನಳಿಕೆ ಹೋಗುವ ಹಾಗಿರಲಿಲ್ಲ. ಅವರಿಗಿದ್ದ ದಾರಿ ಇಂಜೆಕ್ಷನ್ ಒಂದೇ.

ಈಗ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ. ಫಿನ್ಲೆಂಡಿನ ಹೆಲ್ಸಿಂಕಿಯ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ 1998ರಲ್ಲಿ, ರೋಗಿ ಬಾಗಿಲು ದಾಟಿದ ಮೇಲೆ ಔಷಧಿ ಶುರುವಾಗಲು 105 ನಿಮಿಷ ಹಿಡಿಯುತ್ತಿತ್ತು. 2011ರಲ್ಲಿ ಅದು 20 ನಿಮಿಷಕ್ಕೆ ಇಳಿಯಿತು. ಹೊಸ ಔಷಧಿ ಬರಲಿಲ್ಲ, ಹೊಸ ಯಂತ್ರ ಕಂಡುಹಿಡಿಯಲಿಲ್ಲ. ಹದಿಮೂರು ವರ್ಷಗಳಲ್ಲಿ ಒಂದೊಂದಾಗಿ ಹನ್ನೆರಡು ಬದಲಾವಣೆ ಮಾಡಿದರು. ಆಂಬುಲೆನ್ಸಿನವರು ದಾರಿಯಿಂದಲೇ ಫೋನ್ ಮಾಡುತ್ತಾರೆ. ರೋಗಿಯ ಹಳೆಯ ದಾಖಲೆಯನ್ನು ಅವರು ಬರುವ ಮೊದಲೇ ತೆಗೆದು ಓದಿರುತ್ತಾರೆ. ಪರೀಕ್ಷೆಗಳಿಗೆ ಮೊದಲೇ ಬರೆದಿರುತ್ತಾರೆ. ಸಿ.ಟಿ. ಯಂತ್ರವನ್ನು ಎಮರ್ಜೆನ್ಸಿಯ ಪಕ್ಕಕ್ಕೆ ತಂದರು. ಸ್ಟ್ರೆಚರು ವಾರ್ಡಿಗೆ ಹೋಗದೆ ನೇರ ಸ್ಕ್ಯಾನಿಗೆ ಹೋಗುತ್ತದೆ. ಔಷಧಿ ಸ್ಕ್ಯಾನ್ ಮೇಜಿನ ಹತ್ತಿರವೇ ಕಾಯುತ್ತಿರುತ್ತದೆ, ಚಿತ್ರ ನೋಡಿದ ಕೂಡಲೇ ಅಲ್ಲೇ ಕೊಡುತ್ತಾರೆ. ಮೆಲ್ಬರ್ನಿನ ಒಂದು ಆಸ್ಪತ್ರೆ ಇದೇ ಕ್ರಮವನ್ನು ತೆಗೆದುಕೊಂಡು ಕೆಲಸದ ವೇಳೆಯಲ್ಲಿ 25 ನಿಮಿಷಕ್ಕೆ ಬಂದಿತು, ಬರೀ ನಾಲ್ಕು ತಿಂಗಳಲ್ಲಿ.

ನಾನು ಇದನ್ನು ಎಷ್ಟು ಸಲ ಓದಿದ್ದೇನೋ. ರೋಗಿ ಬಂದ ಮೇಲೆ ಮಾಡುವ ಕೆಲಸ ಆದಷ್ಟು ಕಡಿಮೆ ಇರಬೇಕು, ಬರುವ ಮುಂಚೆ ಆದಷ್ಟು ಜಾಸ್ತಿ ಮುಗಿದಿರಬೇಕು ಅನ್ನುವುದು ಅವರ ಗುಟ್ಟು. ಮನೆಗೂ ಇದೇ ಅಲ್ವಾ? ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಹೋಗಬೇಕು, ಯಾರು ಜೊತೆ ಹೋಗಬೇಕು, ಯಾವ ಕಾಗದ ಕೈಯಲ್ಲಿರಬೇಕು ಅನ್ನುವುದೆಲ್ಲ ಬಾಯಿ ಸೊಟ್ಟಗಾಗುವ ಮುಂಚೆಯೇ ಮುಗಿದಿರಬಹುದು.

ಊರಿನ ಮಟ್ಟದಲ್ಲೂ ಹೀಗೇ. ಲಂಡನ್ 2010ರಲ್ಲಿ ಒಂದು ಗಟ್ಟಿ ತೀರ್ಮಾನ ಮಾಡಿತು. ಸ್ಟ್ರೋಕ್ ಆದವರನ್ನು ಹತ್ತಿರದ ಯಾವುದೋ ಆಸ್ಪತ್ರೆಗಲ್ಲ, ದಿನದ 24 ಗಂಟೆಯೂ ಸಿದ್ಧವಿರುವ ಎಂಟು ಕೇಂದ್ರಗಳಲ್ಲಿ ಒಂದಕ್ಕೆ ಮಾತ್ರ ಒಯ್ಯಬೇಕು ಅಂತ. ಹತ್ತಿರದ್ದನ್ನು ದಾಟಿ ಹೋಗುವುದು ಜನರಿಗೆ ವಿಚಿತ್ರವಾಗಿ ಕಂಡಿರಬೇಕು. ಆದರೆ ಸಾವಿನ ಪ್ರಮಾಣ ಇಂಗ್ಲೆಂಡಿನ ಉಳಿದ ಕಡೆಗಿಂತ ಜಾಸ್ತಿ ಇಳಿಯಿತು. ಅದೇ ಸಮಯದಲ್ಲಿ ಮ್ಯಾಂಚೆಸ್ಟರಿನಲ್ಲೂ ಬದಲಾವಣೆ ಮಾಡಿದರು, ಆದರೆ ನಾಲ್ಕು ಗಂಟೆಯೊಳಗೆ ಬಂದವರನ್ನು ಮಾತ್ರ ವಿಶೇಷ ಕೇಂದ್ರಕ್ಕೆ ಕಳಿಸುತ್ತಿದ್ದರು. ಅಲ್ಲಿ ಸಾವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಮುಂದೆ ಅವರೂ ಎಲ್ಲರನ್ನೂ ಕಳಿಸತೊಡಗಿದರು. ಅರ್ಧ ವ್ಯವಸ್ಥೆಗೆ ಅರ್ಧ ಫಲವೂ ಖಾತ್ರಿ ಇಲ್ಲ. ಎಲ್ಲ ಕಡೆ ತಜ್ಞರು ಇರಲಾರರು ಅನ್ನುವುದು ನಿಜ. ಅದಕ್ಕೂ ದಾರಿ ಇದೆ. ಸಣ್ಣ ಆಸ್ಪತ್ರೆಯಲ್ಲಿ ಸಿ.ಟಿ. ಇದ್ದರೆ ಸಾಕು, ದೂರದ ತಜ್ಞರು ವಿಡಿಯೋದಲ್ಲಿ ರೋಗಿಯನ್ನು ನೋಡಿ, ಸ್ಕ್ಯಾನ್ ನೋಡಿ, ಇಂಜೆಕ್ಷನ್ ಕೊಡಿಸಬಹುದು, ಆಮೇಲೆ ದೊಡ್ಡ ಕಡೆಗೆ ಕಳಿಸಬಹುದು. ಜರ್ಮನಿಯ ಹೋಂಬುರ್ಗ್‌ನಲ್ಲಿ ಕ್ಲಾಸ್ ಫಾಸ್ಬೆಂಡರ್ ಅನ್ನುವ ಡಾಕ್ಟರ ತಂಡ 2008ರಲ್ಲಿ ಸಿ.ಟಿ. ಯಂತ್ರವನ್ನೇ ಆಂಬುಲೆನ್ಸಿನೊಳಗೆ ಕೂರಿಸಿ ರೋಗಿಯ ಮನೆ ಬಾಗಿಲಿಗೆ ಒಯ್ದಿತು.

ಕೊನೆಗೆ ಒಂದು ವಿಷಯ, ಇದು ಬಹಳ ಜನರಿಗೆ ಗೊತ್ತಿಲ್ಲ. ಹೋದ ವರ್ಷ ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಮೀಟಿಂಗಿನ ನಡುವೆ ಮಾತು ನಿಲ್ಲಿಸಿದರು. ಪೆನ್ನು ಬಿತ್ತು. ಹತ್ತೇ ನಿಮಿಷ. ಆಮೇಲೆ ಎಲ್ಲ ಸರಿಹೋಯಿತು, ನಕ್ಕರು, "ಏನೋ ಸುಸ್ತು, ಮನೆಗೆ ಹೋಗಿ ಮಲಗುತ್ತೇನೆ" ಅಂದರು. ನಾನು ಬಿಡಲಿಲ್ಲ. ಸರ್, ಬೈದುಕೊಂಡರೂ ಪರವಾಗಿಲ್ಲ, ಬನ್ನಿ ಅಂತ ಎಬ್ಬಿಸಿಕೊಂಡು ಹೋದೆ. ಹೀಗೆ ಬಂದು ತಾನಾಗಿ ಹೋಗುವುದಕ್ಕೆ ಟಿ.ಐ.ಎ. ಅನ್ನುತ್ತಾರೆ, ಮಿನಿ ಸ್ಟ್ರೋಕ್ ಅಂತಲೂ. ಹೆಪ್ಪು ಬಂದು ಸಿಕ್ಕಿ, ತಾನೇ ಕರಗಿ ಹೋಗಿರುತ್ತದೆ. ದೊಡ್ಡ ಸ್ಟ್ರೋಕ್ ಬರುವ ಅಪಾಯ ಮುಂದಿನ ಒಂದೆರಡು ದಿನಗಳಲ್ಲೇ ಅತಿ ಹೆಚ್ಚು. ಆಕ್ಸ್‌ಫರ್ಡಿನ ಪೀಟರ್ ರಾಥ್‌ವೆಲ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥವರಿಗೂ ಸಣ್ಣ ಸ್ಟ್ರೋಕ್ ಆದವರಿಗೂ ತಡಮಾಡದೆ ಚಿಕಿತ್ಸೆ ಶುರುಮಾಡಿದಾಗ ಮೂರು ತಿಂಗಳೊಳಗೆ ಮತ್ತೆ ಸ್ಟ್ರೋಕ್ ಬರುವುದು ಸುಮಾರು ಶೇ. 80ರಷ್ಟು ಕಡಿಮೆಯಾಯಿತು. ನಮ್ಮ ಆ ಹಿರಿಯರ ಇ.ಸಿ.ಜಿ.ಯಲ್ಲಿ ಹೃದಯದ ಬಡಿತ ತಾಳ ತಪ್ಪಿರುವುದು ಕಂಡಿತು. ಏಟ್ರಿಯಲ್ ಫಿಬ್ರಿಲೇಷನ್ ಅಂತೆ. ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಬಗೆ ಅದು, ಸ್ಟ್ರೋಕಿನ ಅಪಾಯವನ್ನು ಐದು ಪಟ್ಟಿನಷ್ಟು ಏರಿಸುತ್ತದೆ. ಈಗ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದಾರೆ. ಮೀಟಿಂಗಿನಲ್ಲಿ ಮೊದಲಿನ ಹಾಗೇ ಉದ್ದಕ್ಕೆ ಮಾತಾಡುತ್ತಾರೆ.

ನಮ್ಮ ಮನೆಯ ಬಾಗಿಲ ಹಿಂದೆ ಈಗ ಒಂದು ಹಾಳೆ ಅಂಟಿಸಿದೆ. ಆಂಬುಲೆನ್ಸ್ ನಂಬರು, ಸಿ.ಟಿ. ಇರುವ ಎರಡು ಆಸ್ಪತ್ರೆಗಳ ಎಮರ್ಜೆನ್ಸಿ ನಂಬರು, ಜೊತೆಗೆ ಹೋಗಬೇಕಾದವರ ಹೆಸರು, ಅವರಿಲ್ಲದಿದ್ದರೆ ಇನ್ನೊಬ್ಬರ ಹೆಸರು. ಕೆಳಗೆ ದೊಡ್ಡಪ್ಪ ದೊಡ್ಡಮ್ಮನ ಮಾತ್ರೆಗಳ ಪಟ್ಟಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದಕ್ಕೆ ಕೆಂಪು ಗೆರೆ, ಯಾಕೆಂದರೆ ಇಂಜೆಕ್ಷನ್ ಕೊಡುವ ಮುಂಚೆ ಡಾಕ್ಟರು ಅದನ್ನು ಕೇಳಿಯೇ ಕೇಳುತ್ತಾರೆ. ಮೊದಲ ಸಲ ಅಂಟಿಸಿದ ದಿನ ದೊಡ್ಡಮ್ಮ ಕೋಲೂರಿಕೊಂಡು ಬಂದು ನಿಂತು ಓದಿದರು. ಮಾತು ಇನ್ನೂ ಅವರಿಗೆ ಪೂರ್ತಿ ಬಂದಿಲ್ಲ, ಚಮಚ ಇವತ್ತಿಗೂ ಬಾಚಣಿಗೆಯೇ. ಒಂದು ಸಾಲಿನ ಮೇಲೆ ಬೆರಳಿಟ್ಟು ಬೇಡ ಬೇಡ ಅನ್ನುವ ಹಾಗೆ ತಲೆಯಾಡಿಸಿದರು. ನೋಡಿದರೆ ಅವರ ಬಿ.ಪಿ. ಮಾತ್ರೆಯ ಹಳೆಯ ಅಳತೆ ಬರೆದಿದ್ದೆ. ಎರಡು ತಿಂಗಳ ಹಿಂದೆಯೇ ಡಾಕ್ಟರು ಅದನ್ನು ಬದಲಾಯಿಸಿದ್ದರು. ನಾನು ಪೆನ್ನು ತಂದು ತಿದ್ದುವ ತನಕ ಅವರು ಆ ಸಾಲಿನಿಂದ ಬೆರಳು ತೆಗೆಯಲಿಲ್ಲ.